ರಾಣಿ ಬಣ್ಣದ ನೀರು

ನನ್ನ ಸೋದರಮಾವ ದೇವಸ್ಥಾನದಲ್ಲೂ ಯಾರನ್ನೂ ನಂಬಿದವನಲ್ಲ! ಪೂಜೆ ಮುಗಿದ ಮೇಲೆ ತೆಂಗಿನಕಾಯಿಯ ಎರಡು ಹೋಳನ್ನೂ ಜೋಡಿಸಿ, ವಾಪಸು ಬಂದದ್ದು ತನ್ನದೇ ಕಾಯೇ ಎಂದು ಪರೀಕ್ಷಿಸುತ್ತಿದ್ದ. ಹೋಳು ಕೂಡದಿದ್ದರೆ ಪೂಜಾರಿಗೆ ಅಂದು ಗ್ರಹಚಾರ! (ನನಗಿಂತ ಸ್ವಲ್ಪವೇ ದೊಡ್ಡವನು, ಅದಕ್ಕೇ ಈ ಏಕವಚನ.)

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮ್. ತೊಂಬತ್ತರ ಸುಮಾರಿಗೆ ಬೀದಿಯ ಮೇಲ್ಗಡೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಬಂತು. ಅದರ ನೀರು ಮೋರಿಗೆ, ಮೋರಿಯ ನೀರು ನಾವು ಕುಡಿಯುವ ಬಾವಿಗೆ. ಬೆಳಿಗ್ಗೆ ಎದ್ದು ಜನ ಪಂಚಾಂಗ ನೋಡಿದರೆ ಮಾವ ಮೋರಿ ನೋಡುತ್ತಿದ್ದ.

"ಲೇ, ಇವತ್ತು ಗಿಣಿ ಹಸಿರು ಕಣೋ! ಯಾವ್ದೋ ಮದ್ವೆ ಆರ್ಡರ್ ಬಂದೈತೆ!"

ನಾವು ನಗುತ್ತಿದ್ದೆವು. ಒಂದು ದಿನ ತಟ್ಟೆಯ ಅನ್ನಕ್ಕೂ ಬಣ್ಣ ಬಂತು. ನಗು ನಿಂತಿತು.

ಮಾವ ಬಾವಿಯ ನೀರನ್ನು ಬಾಟ್ಲಿಗೆ ತುಂಬಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ. ನಾನೂ ಜೊತೆಗಿದ್ದೆ.

"ಏನಪ್ಪಾ, ಶರಬತ್ತಾ?" ಎಂದ ಕಂಡಕ್ಟರ್.

"ಕುಡೀತೀಯಾ? ಕುಡುದ್ರೆ ಸಾಕ್ಷಿ ಹೇಳೋಕೂ ಉಳಿಯಲ್ಲ ನೀನು!"

ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಗುಮಾಸ್ತ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಮನೇಲೇ ಬಣ್ಣ ಕಲಸಿ ತಂದಿಲ್ಲ ಅಂತ ಏನ್ರೀ ಗ್ಯಾರಂಟಿ? ನಾವೇ ಬಂದು ನೀರು ತಗೋಬೇಕು. ಅದೂ ಮಾಲೀಕರ ಎದುರಿಗೆ."

ಮಾವ ದಂಗಾದ. ತನಗಿಂತ ದೊಡ್ಡ ಅನುಮಾನಿಯನ್ನು ಅವನು ಕಂಡದ್ದು ಅದೇ ಮೊದಲು! ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ: "ಕಳ್ಳನಿಗೆ ಹೇಳ್ಬುಟ್ಟು ಹಿಡಿಯೋಕೆ ಬರ್ತಾರಂತೆ!"

ಹೇಳಿಯೇ ಬಂದರು. ಅಂದು ಮೋರಿಯಲ್ಲಿ ಹರಿದದ್ದು ಎಳನೀರಿನಂಥ ನೀರು! ಬಾವಿಯನ್ನೂ ಬಿಟ್ಟಿರಲಿಲ್ಲ, ಬಾವಿ ತೊಳೆಸಿ ಪುಣ್ಯ ಕಟ್ಟಿಕೊಳ್ಳುತ್ತೇನೆಂದು ಮಾಲೀಕ ಹಿಂದಿನ ದಿನವೇ ಪಂಪಿಟ್ಟು ಬರಿದು ಮಾಡಿಸಿದ್ದ.

"ಮೊನ್ನೆ ರಾಣಿ ಬಣ್ಣ ಬಂದಿತ್ತು ಸ್ವಾಮಿ," ಎಂದ ಮಾವ.

"ನೋಡಿದವರು ಇದ್ದಾರಾ?" ಎಂದರು ಸಾಹೇಬರು.

ಬೀದಿಯವರೆಲ್ಲ ಸೇರಿದ್ದರು. ಆದರೆ ಮಾವನ ಲೆಕ್ಕದಲ್ಲಿ ಟೀ ಅಂಗಡಿಯವನು ಮಾಲೀಕನ ಗೂಢಚಾರ, ಪೋಸ್ಟ್‌ಮ್ಯಾನ್ ಅವನ ನೆಂಟ! ಎಲ್ಲರನ್ನೂ ದಾಟಿ ಬಂದು ನನ್ನ ತೋಳು ಹಿಡಿದ.

"ನಮ್ಮಕ್ಕನ ಮಗ. ಇವನ್ನ ಕೇಳಿ. ಸುಳ್ಳಾಡಲ್ಲ."

ನನ್ನ ಮಗ್ಗಕ್ಕೆ ನೂಲು ಬರುತ್ತಿದ್ದುದು ಅದೇ ಕಾರ್ಖಾನೆಯಿಂದ. ಆ ಹೊತ್ತು ಮಗ್ಗದ ಮೇಲಿದ್ದುದೂ ಅದೇ ಕಡುಗುಲಾಬಿ ರಾಣಿ ಬಣ್ಣದ ಸೀರೆಯೇ. ನೂಲು ನಿಂತರೆ ಮಗ್ಗ ನಿಂತಂತೆ.

"ನಾನು ನೋಡಿಲ್ಲ ಸಾರ್," ಎಂದುಬಿಟ್ಟೆ.

ಸಾಹೇಬರ ಜೀಪು ಹೊರಟುಹೋಯಿತು. ಮಾವ ಈಗ ನನ್ನ ಜನ್ಮ ಜಾಲಾಡುತ್ತಾನೆ ಎಂದು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಅವನು ಪಕ್ಕದಲ್ಲಿ ಬಂದು ಕೂತ. ಆಚೀಚೆ ನೋಡಿ ದನಿ ತಗ್ಗಿಸಿದ.

"ಯಾರ್ಲಾ ನಿನ್ನ ಹೆದರಿಸಿದ್ದು? ಬೇಡ, ಹೇಳ್ಬೇಡ. ಮಕ್ಳಿರೋನು ನೀನು. ಬಾವಿ ನೀರು ಮಾತ್ರ ಅವಕ್ಕೆ ಕುಡಿಸ್ಬೇಡ ಕಣೋ. ಆಚೆ ಬೀದಿ ಬೋರಿಂಗ್‌ನಿಂದ ನಿಮ್ಗೂ ನಾನೇ ತರ್ತೀನಿ."

ನನ್ನನ್ನು ಯಾರೂ ಹೆದರಿಸಿರಲಿಲ್ಲ. ಅದನ್ನು ಅವನಿಗೆ ಹೇಳುವ ಧೈರ್ಯ ಅಂದೂ ಬರಲಿಲ್ಲ, ಅವನಿರುವ ತನಕವೂ ಬರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ತುಂಬಿದ ಎರಡು ಕೊಡಗಳಿದ್ದವು. ದಾರಿಯಲ್ಲಿ ಯಾರಾದರೂ ಏನಾದರೂ ಹಾಕಿಬಿಟ್ಟಾರೆಂದು ಎರಡರ ಬಾಯಿಗೂ ಬಟ್ಟೆ ಬಿಗಿದು ಕಟ್ಟಿದ್ದ.