ಸಾಹೇಬರ ಟ್ಯಾಂಕಿನ ಬೇಡದ ಹೂ

ಊರೊಳಗೆ ಸಮುದ್ರ ತಂದಿಟ್ಟರೆ ದಿನಕ್ಕೊಂದು ತಮಾಷೆ ನಡೆಯದೆ ಇರುವುದಿಲ್ಲ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಬಣ್ಣದ ಮೀನಿನ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮೀನಿನ ಬಗ್ಗೆ ಇರುವ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ, ಎರಡು ಸಾವಿರದ ಇಸವಿಯ ಆಚೀಚೆ, ಬಂಟ್ವಾಳದ ಸಾಹೇಬರೊಬ್ಬರ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಮಾಡಿಕೊಟ್ಟೆ. ಜೀವಂತ ಹವಳ ಇರುವ ಟ್ಯಾಂಕ್. "ಹೆಂಗಸಿನಿಂದ ಆಗುವ ಕೆಲಸವಾ?" ಎಂದವರಿಗೆಲ್ಲ ಅದೇ ನನ್ನ ಉತ್ತರ.

೧. ಹೂ ಬಿಟ್ಟಿತು

ಸಾಹೇಬರು ಗಲ್ಫಿನಿಂದ ಎರಡು ತಿಂಗಳ ರಜೆಯಲ್ಲಿ ಬಂದಿದ್ದರು. ಒಂದು ದಿನ ಫೋನು. "ಅಕ್ಕಾ, ಟ್ಯಾಂಕಿನ ಕಲ್ಲಿನ ಮೇಲೆ ಹೂ ಬಿಟ್ಟಿದೆ! ನೆಂಟರೆಲ್ಲ ಬಂದು ನೋಡಿ ಹೋದರು."

ಹೋಗಿ ನೋಡಿದೆ. ಕಂದು ಬಣ್ಣ, ದಾರದಂಥ ಎಸಳು. ಹೂವಲ್ಲ, ಪ್ರಾಣಿ. ಅನಿಮೋನ್ ಜಾತಿಯ ಕಳೆ. ಹವಳವನ್ನು ಚುಚ್ಚಿ ಕೊಲ್ಲುತ್ತದೆ. ಹಾಗೆಂದು ಹೇಳಿದ ಕೂಡಲೇ ಸಾಹೇಬರ ಮುಖ ಬಾಡಿತು.

"ನಾನು ವಾಪಸ್ ಹೋಗುವುದರೊಳಗೆ ಇದು ಹೋಗದಿದ್ದರೆ ಟ್ಯಾಂಕನ್ನೇ ತೆಗೆಸ್ತೇನೆ. ಅಲ್ಲಿ ಟಿವಿ ಇಡುವ."

"ಹೋಗ್ತದೆ," ಎಂದೆ. ಪುಸ್ತಕದ ಆ ಪುಟ ನಾನಿನ್ನೂ ಓದಿರಲಿಲ್ಲ.

೨. ಬ್ಲೇಡು

ನಾನು ಓದಿ ಮುಗಿಸುವ ಮೊದಲೇ ಸಾಹೇಬರು ಬ್ಲೇಡು ಹಿಡಿದು ಅದನ್ನು ಕೆರೆದಿದ್ದರು. ವಾರ ಬಿಟ್ಟು ಹೋದರೆ ಒಂದೊಂದು ಚೂರೂ ಒಂದೊಂದು ಹೂವಾಗಿ, ಕಲ್ಲಿನ ತುಂಬ, ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟ ಹಾಗೆ!

"ಕತ್ತರಿಸಿದರೆ ಹೆಚ್ಚಾಗ್ತದೆ ಅಂತ ಪುಸ್ತಕದಲ್ಲಿ ಉಂಟು ಸಾಹೇಬ್ರೆ."

"ಪುಸ್ತಕ ನಿಮ್ಮ ಹತ್ತಿರ, ಬ್ಲೇಡು ನನ್ನ ಹತ್ತಿರ. ತಪ್ಪು ಯಾರದ್ದು ಹೇಳಿ?"

೩. ಸಿಗಡಿ

ಈ ಕಳೆಯನ್ನು ತಿನ್ನುವ ಸಿಗಡಿ ಉಂಟು, ಮೈಮೇಲೆ ಕೆಂಪು ಗೆರೆ. ಚೆನ್ನೈಯಿಂದ ಆರು ತರಿಸಿ ಬಿಟ್ಟೆ. "ಬೇರೆ ಏನೂ ಹಾಕಬೇಡಿ, ಹಸಿವಾದರೆ ಮಾತ್ರ ಇದನ್ನು ತಿಂತವೆ" ಎಂದೆ. ಹತ್ತು ದಿನ ಕಳೆದರೂ ಒಂದು ಹೂವೂ ಕಡಿಮೆಯಾಗಲಿಲ್ಲ. ಸಿಗಡಿಗಳು ಮಾತ್ರ ದಪ್ಪವಾಗಿದ್ದವು. ಸಾಹೇಬರ ತಾಯಿ, ನಾವೆಲ್ಲ ಉಮ್ಮ ಅನ್ನುವವರು, ಮೂರು ಹೊತ್ತೂ ಬಂಗುಡೆ ಮೀನಿನ ಚೂರು ಹಾಕುತ್ತಿದ್ದರಂತೆ.

"ಹಾಕಬೇಡಿ ಅಂದಿದ್ದೆನಲ್ಲ ಉಮ್ಮ!"

"ನೀನು ಹೇಳ್ತಿ. ಅಷ್ಟು ದೂರದಿಂದ ಬಂದವರನ್ನು ಉಪವಾಸ ಕೂರಿಸ್ಲಿಕ್ಕೆ ಇದು ಯಾರ ಮನೆ ಅಂತ ತಿಳಿದೆ?"

೪. ಸುಣ್ಣ

ರಜೆ ಎಂಟೇ ದಿನ ಉಳಿದಿತ್ತು. ಟಿವಿಗೆ ಜಾಗದ ಅಳತೆಯೂ ತೆಗೆದಾಗಿತ್ತು. ಪುಸ್ತಕದ ಕೊನೆಯ ಉಪಾಯ: ಯಾವುದೋ ಬಿಳಿ ಪುಡಿಯನ್ನು ಗಟ್ಟಿಯಾಗಿ ಕಲಸಿ, ಸಿರಿಂಜಿನಲ್ಲಿ ಒಂದೊಂದರ ಬಾಯಿಗೇ ಬಿಡಬೇಕು. ಆ ಉದ್ದದ ಹೆಸರಿಗೆ ಅವರ ಜಗಲಿಯಲ್ಲೇ ಕೂತು ಡಿಕ್ಷನರಿ ಬಿಡಿಸಿದೆ. ಸುಣ್ಣ! ತಲೆ ಎತ್ತಿದರೆ ಎದುರಿಗೆ ಉಮ್ಮ ವೀಳ್ಯದೆಲೆಗೆ ಅದನ್ನೇ ಸವರುತ್ತಿದ್ದಾರೆ.

ಅವರ ಡಬ್ಬಿಯದ್ದನ್ನೇ ತೆಗೆದು, ನೀರು ಅಲುಗದಂತೆ ಟ್ಯಾಂಕಿನ ಪಂಪು ನಿಲ್ಲಿಸಿ, ದಿನಕ್ಕೆ ಐದಾರು ಹೂಗಳ ಬಾಯಿಗೆ ಬಿಟ್ಟೆ. ಮುದುಡಿದ್ದು ಮತ್ತೆ ಅರಳಲಿಲ್ಲ. ಎಂಟನೇ ದಿನ ಸಾಹೇಬರು ಟಾರ್ಚು ಹಿಡಿದು ಮೂಲೆಮೂಲೆ ಹುಡುಕಿದರು. ಒಂದೂ ಇಲ್ಲ.

"ಟ್ಯಾಂಕ್ ಇರಲಿ ಅಕ್ಕಾ," ಎಂದರು.

ನಾನು ಸೆರಗು ಸರಿಮಾಡಿಕೊಂಡು, "ಅದಕ್ಕೇ ಪುಸ್ತಕ ಓದಬೇಕು ಅನ್ನುವುದು," ಎಂದೆ.

ಉಮ್ಮ ಬಾಯಿಯ ಎಲೆಯನ್ನು ಒಂದು ಬದಿಗೆ ಸರಿಸಿದರು. "ಅದಕ್ಕೆ ಪುಸ್ತಕ ಎಂತಕ್ಕೆ ಮಾರಾಯ್ತಿ? ಎಲೆ ಅಡಿಕೆ ಕೊಡದೆ ಬರೀ ಸುಣ್ಣ ಕೊಟ್ಟರೆ ಯಾವ ನೆಂಟರು ಮನೆಯಲ್ಲಿ ನಿಲ್ತಾರೆ?"