ಬಾರ ಉಡಾಸೋಣು ಬರ್ರಿ!

ನಿವೃತ್ತ ಮಾಸ್ತರರಿಗೆ ಏನಾದರೊಂದು ಹುಚ್ಚು ಹಿಡಿಯದಿದ್ದರೆ ಮನೆಯವರಿಗೇ ಗಾಬರಿಯಾಗುತ್ತದೆ. ಕೆಲವರು ಗುಲಾಬಿ ಬೆಳೆಸುತ್ತಾರೆ, ಕೆಲವರು ಬೆಳಗೆದ್ದು ಎಲ್ಲರ ಮೊಬೈಲಿಗೂ ಹೂವಿನ ಚಿತ್ರ ಕಳಿಸುತ್ತಾರೆ. ನಾನು ಇತಿಹಾಸದ ಮಾಸ್ತರ, ಹಳೆಯ ಬಂದೂಕಿನ ಡಾಟಿನ ಹಿಂದೆ ಬಿದ್ದೆ. ಅದು ಮಗಳ ಮದುವೆಯ ಮಾತಿಗೇ ತಗಲಿಕೊಳ್ಳುತ್ತದೆಂದು ಯಾರು ಕಂಡಿದ್ದರು? ಆ ಹೊಡೆತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ನನ್ನ ಹೆಂಡತಿ ಶಕುಂತಲಾಳ ತಮ್ಮ ಮಾರುತಿ ಔರಾದ ತಾಲೂಕಿನ ಚಿಂತಾಕಿಯಲ್ಲಿ ಜೋಳ ಬೆಳೆಯುತ್ತಾನೆ, ಕುರಿ ಸಾಕುತ್ತಾನೆ. ಕಾಡುಹಂದಿ ಬೆದರಿಸಲು ಅವನಲ್ಲಿ ಲೈಸೆನ್ಸಿನ ಬಂದೂಕೊಂದಿದೆ. ನಳಿಗೆಯ ಬಾಯಿಂದಲೇ ಮದ್ದು ಸುರಿದು ಸರಳಿನಿಂದ ಜಡಿಯುವ ಹಳೆಯ ಕಾಲದ್ದು. ಮದ್ದು ಜಾರದಂತೆ ಮೇಲೊಂದು ತುಂಡು ತುರುಕಬೇಕು, ಅದೇ ಡಾಟು. ಮಾರುತಿ ಹಳೆಯ ಪೇಪರನ್ನು ಮುದ್ದೆ ಮಾಡಿ ತುರುಕುವುದನ್ನು ಕಂಡು ನಾನು ಹೌಹಾರಿದೆ. ಬೀದರಿನ ರದ್ದಿ ಅಂಗಡಿಯಲ್ಲಿ ನನಗೆ ಸಿಕ್ಕಿದ್ದ ನಿಜಾಮರ ಕಾಲದ ಉರ್ದು ಶಿಕಾರಿ ಪುಸ್ತಕದಲ್ಲಿ, ಕಾಗದದ ಕೊಳವೆಯೊಳಗೆ ಸೀಸದ ಕಾಳು ತುಂಬಿ, ಬುಡಕ್ಕೆ ಉಣ್ಣೆಯ ಬಿಲ್ಲೆ ಅಂಟಿಸಿದ ಕಾರ್ತೂಸಿನ ಚಂದದ ಚಿತ್ರವಿತ್ತು. ಅಂಥದ್ದನ್ನೇ ಮಾಡಿ ತೋರಿಸುತ್ತೇನೆಂದು ಪಣ ತೊಟ್ಟೆ. ಹಂದಿಯನ್ನು ಹೆದರಿಸಿದರೆ ಸಾಕಾದ್ದರಿಂದ ಸೀಸದ ಬದಲು ಜೋಳದ ಕಾಳು.

ಮೊದಲು ಮಾಡಿದ ತೆಂಗಿನ ನಾರಿನ ಡಾಟು ಹೊತ್ತಿಕೊಂಡು ಹೋಗಿ ಬಣವಿಯ ಪಕ್ಕದಲ್ಲೇ ಬಿತ್ತು. ಮಿಠಾಯಿ ಡಬ್ಬಿಯ ರಟ್ಟು ಅಡ್ಡ ತಿರುಗಿ, ಕಾಳೆಲ್ಲ ಮಾರುತಿಯ ಪಾದದ ಮೇಲೆ ಸುರಿಯಿತು. ಕೊನೆಗೆ ಅವನ ಹೊಲದ ಮನೆಯ ಟ್ರಂಕಿನಲ್ಲಿ ಒಂದು ಕರಿ ಕಂಬಳಿ ಸಿಕ್ಕಿತು. ನಾಲ್ಕು ಪದರಿನ ಮಡಿಕೆ ಬಿಚ್ಚುವ ಕಷ್ಟ ಯಾಕೆಂದು, ಹರಿತವಾದ ಕಬ್ಬಿಣದ ಕೊಳವೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಮೂರೇ ಏಟಿಗೆ ಹನ್ನೆರಡು ಬಿಲ್ಲೆ! ಇಷ್ಟು ಸುಲಭವೇ ಎಂದು ಹಿಗ್ಗಿ, ಕಂಬಳಿಯನ್ನು ಹಾಗೆಯೇ ಟ್ರಂಕಿಗೆ ಸೇರಿಸಿದೆ.

ಆ ಹಿಗ್ಗಿನಲ್ಲೇ ಮೆಹಕರಕ್ಕೆ ಫೋನ್ ಮಾಡಿದೆ. ಭಾಲ್ಕಿ ತಾಲೂಕಿನ ಆ ಊರಿನ ವೆಂಕಟರಾವ್ ತಮ್ಮ ಮಗನಿಗಾಗಿ ನಮ್ಮ ಸವಿತಾಳನ್ನು ನೋಡಿಹೋಗಿದ್ದರು. ಸವಿತಾ ವಿಚಾರ ಮಾಡಲು ಒಂದು ತಿಂಗಳು ಕೇಳಿದ್ದಳು. "ನಾ ಹೂಂ ಅನ್ನೋತನಕ ಅವರಿಗಿ ಏನೂ ಹೇಳ್ಬ್ಯಾಡ್ರಿ ಅಪ್ಪಾ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನಾನು ಮದುವೆಯ ಸುದ್ದಿ ಎತ್ತಲೇ ಇಲ್ಲ, ಆಣೆಗೂ. ಆದರೆ ವೆಂಕಟರಾಯರ ತಂದೆಯೂ ಬಂದೂಕು ಇಟ್ಟವರಂತೆ, ನನ್ನ ಕಾರ್ತೂಸು ಹಾರುವುದನ್ನು ನೋಡಿ ಖುಷಿಪಟ್ಟಾರು ಅನ್ನಿಸಿತು.

"ಎಲ್ಲಾ ತಯಾರ ಅದರಿ ರಾವಸಾಹೇಬ್ರ. ಐತ್ವಾರ ಚಿಂತಾಕಿಯಾಗ ಬಾರ ಉಡಾಸೋಣು, ಬರ್ರಿ" ಎಂದೆ.

ಅತ್ತಲಿಂದ ವೆಂಕಟರಾಯರ ಬೆರಗಿನ ದನಿ: "ಇಷ್ಟು ಲಗೂನ ಏನ್ರಿ ಮಾಸ್ತರ್ರ?"

"ಮತ್ತ ತಡಾ ಯಾಕ್ರಿ?"

ಭಾನುವಾರ ಸವಿತಾ, ಶಕುಂತಲಾ ಇಬ್ಬರೂ ಸುಟ್ಟ ಎಳೆಜೋಳದ ಸೀತನಿ ತಿನ್ನಲು ಹೊಲಕ್ಕೆ ಬಂದಿದ್ದರು. ಮಾರುತಿ ನನ್ನ ಕಾರ್ತೂಸು ಜಡಿದು ಆಕಾಶಕ್ಕೆ ಹಾರಿಸಿದ. ಢಂ! ಎಂಥ ಸದ್ದು! ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಎರಡು ಜೀಪು ಬಂದು ನಿಂತವು. ಜರಿ ರುಮಾಲು ಸುತ್ತಿದ ವೆಂಕಟರಾಯರು ಇಳಿದರು, ಹಿಂದೆ ಅವರ ಮಗ, ಅವನ ಹಿಂದೆ ನಿಶ್ಚಯದ ಸಕ್ಕರೆ, ಸೀರೆಯ ತಟ್ಟೆ ಹಿಡಿದ ಹೆಂಗಸರು.

"ಸಲಾಮಿ ಸುದ್ದಾ ಕೊಟ್ರಲ್ಲಾ! ಭಾರೀ ಇಂತಜಾಮ ಮಾಡೀರಿ ಬೀಗರ!"

ಬೀಗರ! ಆಗ ಹೊಳೆಯಿತು. ಅವರ ಮನೆಮಾತು ಮರಾಠಿ. ಅದರಲ್ಲಿ 'ಬಾರ ಉಡವಣೆ' ಎಂದರೆ ಬಂದೂಕು ಹಾರಿಸುವುದೂ ಹೌದು, ಮದುವೆ ಮಾಡಿ ಮುಗಿಸುವುದೂ ಹೌದು. ಸವಿತಾಳ ಕೈಯ ಸೀತನಿ ಕೈಯಲ್ಲೇ ಉಳಿದಿತ್ತು. "ಅಪ್ಪಾ, ಏನ್ ಹೇಳೀರಿ ನೀವು ಅವರಿಗಿ?" ಎಂದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಏನೂ ತಿಳಿಯದ ಮಾರುತಿ, ಬಂದವರನ್ನು ಕೂರಿಸಲು ಟ್ರಂಕಿನ ಕಂಬಳಿ ತಂದು ಝಾಡಿಸಿ ಹಾಸಿದ. ಅವನ ತಂದೆತಾಯಿಯ ಮದುವೆಯಲ್ಲಿ ಹಾಸಿದ ಕಂಬಳಿ ಅದು, ಶುಭಕಾರ್ಯಕ್ಕಷ್ಟೇ ಹೊರತೆಗೆಯುವುದಂತೆ. ಈ ಮಾತು ನನಗೆ ಗೊತ್ತಾದದ್ದು ಆಗಲೇ. ಹನ್ನೆರಡು ತೂತುಗಳಲ್ಲಿ ನೆಲ ಕಾಣುತ್ತಿತ್ತು. ವೆಂಕಟರಾಯರು ಒಂದರಲ್ಲಿ ಬೆರಳು ತೂರಿಸಿ, "ಇಲಿ ಕಡದದೇನ್ರಿ?" ಎಂದರು.

"ಇಷ್ಟು ಗುಂಡಗ ಕಡಿಯೋ ಇಲಿ ನಮ್ಮ ಮನ್ಯಾಗ ಒಂದೇ ಅದರಿ" ಎಂದು ಶಕುಂತಲಾ ನನ್ನನ್ನು ನೋಡಿದಳು.

ಸವಿತಾಳೇ ನೇರವಾಗಿ ಹುಡುಗನ ಕಡೆ ತಿರುಗಿದಳು. "ನಾ ಇನ್ನಾ ಹೂಂ ಅಂದಿಲ್ಲರಿ. ನಮ್ಮಪ್ಪ ಹೇಳಿದ್ದು ಈ ಬಂದೂಕಿನ ಬಾರ."

ಹುಡುಗ ಉಸಿರು ಬಿಟ್ಟ. "ನಾನೂ ಟೈಮ್ ಕೇಳಿದ್ದೆರಿ. ನಿಮ್ಮ ಕಡಿಯಿಂದ ಅವಸರ ಅದ ಅಂತ ಹೇಳಿ ಕರ್ಕೊಂಡು ಬಂದಾರ."

ಇಬ್ಬರೂ ಪಕ್ಕನೆ ನಕ್ಕರು. ಅವರು ಸೀತನಿ ತಿನ್ನುತ್ತ ಬದುವಿನ ಮೇಲೆ ಕೂತು ಅದೇನು ಮಾತಾಡಿದರೋ, ನಾವು ದೊಡ್ಡವರು ಮಾತ್ರ ತೂತು ಬಿಟ್ಟು ಜಾಗ ನೋಡಿ ಕೂತು, ತಂದ ಸಕ್ಕರೆ ಮುಕ್ಕಿದೆವು.

ಈಗಲೂ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಹೂಂ ಅಂದಳೋ ಇಲ್ಲವೋ ಕೇಳುವ ಹಕ್ಕು ನನಗೆ ಉಳಿದಿಲ್ಲ. ಉಳಿದಿರುವುದು ಹನ್ನೊಂದು ಬಿಲ್ಲೆ. ಬೀದರಿನ ನೌಬಾದದ ನಮ್ಮ ಮನೆಯಲ್ಲಿ ನಾನು ಫೋನ್ ಎತ್ತಿದರೆ ಸಾಕು, ಶಕುಂತಲಾ ಒಂದನ್ನು ತಂದು ಮುಂದಿಡುತ್ತಾಳೆ. "ಮೊದಲ ಬಾಯಿಗಿ ಡಾಟು ಹಾಕ್ಕೊಳ್ರಿ." ಪ್ರಯೋಗ ಮಾಡಿಯೂ ನೋಡಿದ್ದೇನೆ. ನಳಿಗೆಗೆ ಒಂದೇ ಸಾಕಾಗಿತ್ತು, ನನ್ನ ಬಾಯಿಗೆ ಹನ್ನೊಂದೂ ಸಾಲುವುದಿಲ್ಲ.