ಶನಿವಾರ ಬಿಟ್ಟುಕೊಟ್ಟ ಮೇಲೆ

ಹೊಂದಾಣಿಕೆ ಮಾಡಿಕೊಂಡರೆ ಸಂಸಾರ ಸುಖವಾಗಿರುತ್ತದೆ ಎಂದು ಮದುವೆಮನೆಯಲ್ಲಿ ಬುದ್ಧಿ ಹೇಳುವವರೆಲ್ಲ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಅವರವರ ಮನೆಗೆ ಹೊರಟುಹೋಗುತ್ತಾರೆ. ಹೊಂದಿಕೊಳ್ಳಬೇಕಾದವನು ಮಾತ್ರ ಅಲ್ಲೇ ಉಳಿಯುತ್ತಾನೆ. ಹಾಗೆ ಉಳಿದವನು ನಾನು.

ನಮ್ಮ ಮನೆದೇವರು ಈಶ್ವರ. ಸೋಮವಾರ ಮನೆಯಲ್ಲಿ ಮಾಂಸ ಬೇಯಿಸುವಂತಿಲ್ಲ. ಅದು ಹುಟ್ಟಿದಾಗಿನಿಂದ ಇದ್ದದ್ದು, ದುಃಖವಿಲ್ಲ. ಹೆಂಡತಿ ಜಡಿಗೇನಹಳ್ಳಿಯವಳು, ಅವಳ ತವರಿನ ದೇವರು ತಿಮ್ಮಪ್ಪ. ಮದುವೆಯ ಮರುದಿನವೇ ಮಾವನವರು ಶನಿವಾರವೊಂದನ್ನು ಬಿಟ್ಟುಕೊಡಿ ಎಂದು ವಿನಯದಿಂದ ಕೇಳಿದರು. ಹೊಸ ಅಳಿಯ, ಎದೆ ಉಬ್ಬಿಸಿಕೊಂಡು ಬಿಟ್ಟುಕೊಟ್ಟೆ. ಶುಕ್ರವಾರವನ್ನು ಅಮ್ಮ ಮೊದಲೇ ಲಕ್ಷ್ಮಿಗೆ ಕಾದಿರಿಸಿದ್ದಳು. ಈಚೆಗೆ ನಮ್ಮ ಮಗನನ್ನು ಮದುವೆಯಾಗಿ ತ್ಯಾಮಗೊಂಡ್ಲಿನಿಂದ ಬಂದ ಸೊಸೆ ಜೊತೆಯಲ್ಲಿ ಗುರುವಾರವನ್ನೂ ತಂದಳು. ಮಿಕ್ಕ ದಿನಗಳ ಮೇಲೆ ಅಮಾವಾಸ್ಯೆ, ಸಂಕಷ್ಟಿ, ಏಕಾದಶಿ ಬಂದು ಬೀಳುತ್ತವೆ. ಪ್ರತಿ ಸಲವೂ ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಮನಸ್ಸು ದೊಡ್ಡದಾದಷ್ಟೂ ಮನೆಯ ಸಾರು ತೆಳ್ಳಗಾಯಿತು.

ಅದೂ ಹೊಸಕೋಟೆಯಲ್ಲಿ ಮನೆ ಮಾಡಿಕೊಂಡು ಈ ಗತಿ. ಇಲ್ಲಿ ಬೆಳಗಾಗುವ ಮೊದಲೇ ಜನ ಬಿರಿಯಾನಿಗೆ ಸಾಲು ನಿಲ್ಲುತ್ತಾರೆ. ಕೊನೆಗೆ ನಾನು ನನ್ನೊಡನೆಯೇ ಒಂದು ರಾಜಿ ಮಾಡಿಕೊಂಡೆ: ನೇಮ ಇರುವುದು ಮನೆಗೆ, ಹೊಟ್ಟೆಗಲ್ಲ. ಒಂದು ಶನಿವಾರ ನಸುಕಿನಲ್ಲಿ ವಾಕಿಂಗ್ ಎಂದು ಹೇಳಿ ಹೊರಟು ಸಾಲಿನಲ್ಲಿ ನಿಂತೆ. ಮುಂದೆ ಮಫ್ಲರ್ ಸುತ್ತಿಕೊಂಡು ನಿಂತಿದ್ದವರು ತಿರುಗಿದರು. ಮೊದಲ ಬಸ್ಸಿಗೆ ಬಂದಿದ್ದ ಮಾವನವರು. ಇಬ್ಬರೂ ಸ್ವಲ್ಪ ಹೊತ್ತು ಆಕಾಶ ನೋಡಿದೆವು.

"ಮನೇಲಿ ಮಾಡ್ಬಾರ್ದು ಅಂತ ಅಷ್ಟೇ ಅಲ್ವಾ ಅಳಿಯಂದ್ರೇ ಇರೋದು?" ಎಂದರು ಮೆಲ್ಲಗೆ.

ಅಷ್ಟೇ ಎಂದೆ. ಅಂದಿನಿಂದ ನಮ್ಮ ನೆಂಟಸ್ತಿಕೆ ಗಟ್ಟಿಯಾಯಿತು. ಮೊದಲು ಬಂದವರು ಇನ್ನೊಬ್ಬರಿಗೆ ಜಾಗ ಹಿಡಿಯುವುದೂ ರೂಢಿಯಾಯಿತು.

ತೊಂದರೆ ಒಂದೇ. ಮನೆಗೆ ಬಂದ ಮೇಲೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿ ಕೆಲವು ವಾರ ಸುಮ್ಮನೆ ನೋಡಿದಳು. ಆಮೇಲೊಂದು ದಿನ ಮಾವನವರು ಮನೆಗೆ ಬಂದಿದ್ದಾಗ ಅವರೆದುರೇ ಕಣ್ಣು ತುಂಬಿಕೊಂಡಳು.

"ಶನಿವಾರ ಇವ್ರು ತಿಂಡೀನೇ ಮುಟ್ಟಲ್ಲ ಕಣಪ್ಪ. ನಮ್ಮ ದೇವ್ರ ಮೇಲೆ ನನಗೂ ಇಲ್ದಿರೋ ಭಕ್ತಿ. ಇನ್ಮೇಲೆ ವಾಕಿಂಗಿಗೆ ನಾನೂ ಹೋಗ್ತೀನಿ. ಹಂಗೇ ಗುಡೀಲಿ ಪೂಜೆ ಮಾಡ್ಸಿ, ರಾತ್ರಿವರ್ಗೂ ಇಬ್ರೂ ಉಪವಾಸ ಇರ್ತೀವಿ."

ಹೇಗಾದರೂ ಕಾಪಾಡಲಿ ಎಂದು ಮಾವನವರ ಮುಖ ನೋಡಿದೆ. ಅವರು ಮಫ್ಲರ್ ಸರಿಮಾಡಿಕೊಂಡು, "ಒಳ್ಳೇದು ಕಣಮ್ಮ. ಅಳಿಯಂದ್ರದ್ದು ದೊಡ್ಡ ಮನಸ್ಸು" ಎಂದರು.

ಎಂದಿನಂತೆ ಒಪ್ಪಿಕೊಂಡೆ. ಈಗ ಶನಿವಾರ ನಸುಕಿನಲ್ಲಿ ಹೆಂಡತಿಯ ಹಿಂದೆ ಆ ಸಾಲನ್ನು ದಾಟಿಕೊಂಡು ಗುಡಿಗೆ ಹೋಗುತ್ತೇನೆ. ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡ ಹಿರಿಯರೊಬ್ಬರು ಆ ಕಡೆ ತಿರುಗಿ ನಿಲ್ಲುತ್ತಾರೆ. ನಾನು ಗೋವಿಂದಾ ಎನ್ನುತ್ತೇನೆ. ಬಾಯಿ ಹೊಂದಿಕೊಂಡಿದೆ, ಮೂಗು ಮಾತ್ರ ಇನ್ನೂ ಒಪ್ಪಿಲ್ಲ.